ಚೀಟಿ ಕಟ್ಟಿದ ಜ್ಯೂಸರು

ರಾಸ್ತಾ ಪೇಠಿನ ನನ್ನ ಅಂಗಡಿಯ ಷಟರು ಅರ್ಧವೇ ಏಳುತ್ತದೆ.
ಯಾರೇ ಬರಲಿ, ಬಗ್ಗಿ ಬರಬೇಕು,
ಕಂಕುಳಲ್ಲಿ ಮಿಕ್ಸರು, ಇಸ್ತ್ರಿ, ಸುಟ್ಟ ಗೀಸರು.
ಮೇಲಿನ ಹಲಗೆಯಲ್ಲೊಂದು ಜ್ಯೂಸರು, ಕೊರಳಿಗೆ ಚೀಟಿ:
ಪೆಂಡಸೆ. ಸೋಮವಾರ. ಕೆಂಪು ಶಾಯಿಯಲ್ಲಿ, ಅರ್ಜೆಂಟ್.
ಆ ಸೋಮವಾರ ಹೋಗಿ ಹದಿನಾಲ್ಕು ತಿಂಗಳು.
ಫೋನು ಮಾಡಿದರೆ ಒಂದು ಹೆಣ್ಣುದನಿ
ಈ ನಂಬರೇ ಇಲ್ಲ ಅನ್ನುತ್ತದೆ, ಎಷ್ಟು ಸಲ ಕೇಳಿದರೂ
ಬೇಸರವಿಲ್ಲದೆ.

ಕಾರ್ಬನ್ ಬ್ರಷ್ ಅಂದೇ ಹಾಕಿದ್ದೆ. ಕಪ್ಲರು ಹೊಸದು.
ಕೂತ ಮೋಟಾರಿಗೆ ತುಕ್ಕು ಹಿಡಿಯುತ್ತದೆ, ಒಮ್ಮೆ ಓಡಿಸೋಣ,
ಅಂದುಕೊಂಡೆ. ಕಳ್ಳತನಕ್ಕೆ
ನನಗೆ ನಾನೇ ಹರಿದುಕೊಂಡ ರಸೀದಿ ಅದು.

ಭಾದ್ರಪದದಲ್ಲಿ ಮಾರ್ಕೆಟ್ ಯಾರ್ಡಿಗೆ ಶಿಮ್ಲಾದ ಸೇಬು ಬಂದು ಬಿದ್ದಿರುತ್ತದೆ.
ಪೆಟ್ಟು ತಿಂದವು, ಪೆಟ್ಟಿಗೆಗೆ ಇನ್ನೂರು.
ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಎರಡು ಪೆಟ್ಟಿಗೆ,
ಸ್ವಾರಗೇಟಿನ ಗುಂಡಿಯಲ್ಲಿ ಇನ್ನೊಂದಿಷ್ಟು ಪೆಟ್ಟು.
ಬೇಕರಿಯ ಅರ್ದೇಶಿರ್ ಕಾಗದದಲ್ಲಿ ಚಿಟಿಕೆ ಯೀಸ್ಟ್ ಕಟ್ಟಿಕೊಟ್ಟ.
ನಮ್ಮಜ್ಜ ದ್ರಾಕ್ಷಿಯಲ್ಲಿ ಮಾಡುತ್ತಿದ್ದ, ಅವಸರ ಮಾಡಬೇಡ,
ಅಂದ, ಅವಸರದಲ್ಲಿ.

ಮನೆಬಳಕೆಯ ಮೋಟಾರು. ಐದು ನಿಮಿಷಕ್ಕೇ ಬೆವರುತ್ತದೆ.
ಅಂಗೈ ಇಟ್ಟು ನೋಡುತ್ತೇನೆ, ಮಗುವಿನ ಜ್ವರ ನೋಡಿದ ಹಾಗೆ.
ವಾರ್ನಿಷ್ ವಾಸನೆ ಬಂತೋ, ನಿಲ್ಲಿಸು.
ಹತ್ತು ನಿಮಿಷ ಅದಕ್ಕೆ ವಿಶ್ರಾಂತಿ, ನನಗೆ ಹೆಚ್ಚುವ ಕೆಲಸ.
ಬೆಳಗಿನಿಂದ ಸಂಜೆತನಕ ಒಂದು ಭಾನುವಾರ ಹೀಗೆ
ಐದು ಲೀಟರಿನ ಕ್ಯಾನಿಗೆ ಇಳಿಯಿತು.
ಕೊರಳಾಗ ಲಿಂಗ ಐತಿ, ಕೈಯಾಗ ಇದೇನ್ರಿ? ಅಂದಳು ನೀಲವ್ವ.
ರಸ, ಅಂದೆ.
ಇವತ್ತ ರಸ. ಮುಂದಿನ ವಾರ?
ಅದಕ್ಕೆ ನನ್ನ ಹತ್ತಿರ ಉತ್ತರ ಇನ್ನೂ ಹುಳಿ ಬಂದಿರಲಿಲ್ಲ.
ಚರಟವನ್ನು ಅವಳೇ ಒಯ್ದು ಓಣಿಯ ಎಮ್ಮೆಗೆ ಹಾಕಿದಳು,
ಹತ್ತಿಕಾಳಿನ ಹಿಂಡಿಗಿಂತ ಚಲೋ ತಿಂತು, ಅಂತ ಬಂದು ಹೇಳಿದಳು.

ಕ್ಯಾನಿನ ಬಾಯಿಗೆ ಹಳದಿ ಬಲೂನು, ಸೂಜಿಮೊನೆಯಷ್ಟು ತೂತು.
ಬಲೂನಿನ ಮೇಲೆ ಇರುವೆ ಸಾಲಿನಂಥ ಅಚ್ಚು.
ಮೂರನೇ ಬೆಳಿಗ್ಗೆ ಅದು ಹಿಗ್ಗಿ ನಿಂತು
ಜನ್ಮದಿನದ ಶುಭಾಶಯ ಅಂತ ಓದಿಸಿಕೊಂಡಿತು.
ಯಾರದೋ.

ಗದಗಿನಲ್ಲಿ ನಮ್ಮವ್ವ ಹುದುಗು ಅನ್ನುತ್ತಿದ್ದಳು, ಹಿಟ್ಟು ಉಬ್ಬುವುದಕ್ಕೆ.
ಅಡಗಿ ಕೂಡುವುದಕ್ಕೂ ಅದೇ ಮಾತು.
ರಾತ್ರಿ ದೀಪ ಆರಿಸಿ ಕ್ಯಾನಿಗೆ ಕಿವಿ ಇಟ್ಟೆ.
ಬೇರಿಂಗ್ ಸವೆದ ಮೋಟಾರಿನ ಸದ್ದು,
ಆದರೆ ತಿರುಗುವಂಥದ್ದು ಒಳಗೆ ಏನೂ ಇಲ್ಲ.

ಹದಿನೇಳನೇ ದಿನ ಸದ್ದು ನಿಂತಿತು.
ಕೆಳಗೆ ಗಸಿ, ಮೇಲೆ ಒಣಹುಲ್ಲಿನ ಬಣ್ಣದ ತಿಳಿ.
ಸ್ಟೀಲ್ ಲೋಟದಲ್ಲಿ ಒಂದು ಗುಟುಕು:
ಸಿಹಿಯೆಲ್ಲ ಹೋಗಿತ್ತು, ಸೇಬು ಎಲ್ಲಿಯೂ ಹೋಗಿರಲಿಲ್ಲ.
ನೀಲವ್ವ ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು,
ಬಾಯಿ ಮುಕ್ಕಳಿಸಿ ಬಂದಳು,
ಇನ್ನೊಮ್ಮೆ ಅದ್ದಿದಳು.

ಖಂಡೇನವಮಿಯ ದಿನ ಸ್ಕ್ರೂಡ್ರೈವರು, ಕಾವಿಯ, ಮೀಟರು,
ಎಲ್ಲದಕ್ಕೂ ಕುಂಕುಮ ಇಡುತ್ತಿದ್ದೆ, ಜ್ಯೂಸರಿಗೂ ಇಟ್ಟೆ.
ಷಟರಿನಡಿ ಬಗ್ಗಿದರು ಪೆಂಡಸೆ ಬಾಯಿ.
ತಮ್ಮ ಯಂತ್ರದ ಹಣೆ ನೋಡಿದರು. ಏನೂ ಕೇಳಲಿಲ್ಲ.
ಎಂಬತ್ತು, ಅಂದೆ, ಹಳೆಯ ದರ.
ಎಣಿಸಿ ಕೊಟ್ಟು, ಚೀಟಿಸಮೇತ ಎತ್ತಿಕೊಂಡು ಹೋದರು.

ಮರುದಿನ ದಸರೆ. ಮತ್ತೆ ಬಂದರು, ಮುಷ್ಟಿ ಮುಚ್ಚಿತ್ತು.
ಆಪಟೆ ಎಲೆ ಇರಬಹುದು ಅಂತ ನಾನೂ ಕೈ ಚಾಚಿದೆ.
ಅಂಗೈಯಲ್ಲಿ ಒಂದು ಕಪ್ಪು ಬೀಜ.
ಜಾಳಿಗೆಯಲ್ಲಿ ಸಿಕ್ಕಿಕೊಂಡಿತ್ತು, ಅಂದರು.
ನಮ್ಮ ಮನೆಗೆ ಸೇಬು ತರುವುದು ನಿಂತು ವರ್ಷ ದಾಟಿತು.

ಲೋಟವನ್ನು ಅಂಗಿಯ ತುದಿಗೆ ಒರೆಸಿ ಬಗ್ಗಿಸಿದೆ.
ಹಾಳಾದ ಗ್ರೈಂಡರಿನ ಮೇಲೆ ಕೂತು
ತುಂಬ ಹೊತ್ತು ಮೂಸಿದರು.
ಅವರಿಗೆ ಡಾಕ್ಟರು ಹೇಳಿದ್ದು ತಾಜಾ ರಸ, ಅಂದರು.
ಆಮೇಲೆ ಕುಡಿದರು.