ಮೌನಕ್ಕೆ ಕೂಲಿಯಿಲ್ಲ

ನಾತೆಲಾಳದು ನಿಮಿಷದ ಲೆಕ್ಕ.
ಪರದೆಯ ಮೇಲೆ ಯಾರೋ ಬಾಯಿ ತೆರೆದರೆ
ಅವರ ಮಾತು ಜಾರ್ಜಿಯನ್ನಿನಲ್ಲಿ
ಕೆಳಗೆ ಎರಡು ಸಾಲಾಗಿ ಬಂದು ಕೂರಬೇಕು.
ಬಾಯಿ ಮುಚ್ಚಿದರೆ ಮೀಟರು ನಿಲ್ಲುತ್ತದೆ.
ಮೊನ್ನೆಯ ಚಿತ್ರದಲ್ಲಿ ಒಬ್ಬ ಮೀನುಗಾರ
ಹನ್ನೊಂದು ನಿಮಿಷ ಬರೀ ಸಮುದ್ರ ನೋಡಿದ.
ಚೆನ್ನಾಗಿತ್ತು. ಕಣ್ಣು ತುಂಬಿ ಬಂತು.
ಹನ್ನೊಂದು ನಿಮಿಷ ದಂಡ.

ಒಡೆಯನಿಲ್ಲದ ಕೆಲಸ ಎಂದು ಹಿಡಿದವಳು.
ಈಗ ಒಡೆಯರು ಏಳು ಮಂದಿ,
ಒಬ್ಬನಿಗೂ ಅವಳ ಮುಖ ಗೊತ್ತಿಲ್ಲ.
ಟೊರಾಂಟೊ ಕಚೇರಿಯ ಬೀಗ ತೆಗೆಯುವಾಗ
ತಿಬಿಲಿಸಿಯಲ್ಲಿ ಬಿಸಿಲು ಬಾಲ್ಕನಿ ಇಳಿಯುತ್ತದೆ;
ಸಿಯೋಲ್ ಕಣ್ಣುಜ್ಜಿಕೊಂಡು ಏಳುವಾಗ
ಇವಳು ದಿಂಬು ತಟ್ಟುತ್ತಿರುತ್ತಾಳೆ.
"ತುರ್ತೇನಿಲ್ಲ" ಎಂದು ಶುರುವಾದ ಪತ್ರಗಳು
"ನಾಳೆ ಬೆಳಿಗ್ಗೆಯೊಳಗೆ" ಎಂದು ಮುಗಿಯುತ್ತವೆ.
ಯಾರ ನಾಳೆ? ಯಾರ ಬೆಳಿಗ್ಗೆ?
ಕೇಳುವ ಧೈರ್ಯ ಬರುವುದು
ಬಾಡಿಗೆ ಕಟ್ಟಿಯಾದ ತಿಂಗಳು ಮಾತ್ರ.

ಅಂಗಳದವರಿಗೆ ಅವಳು ಮನೆಯಲ್ಲೇ ಇರುವವಳು.
ಗ್ಯಾಸಿನವನು ಬಂದರೆ ಅವಳ ಬಾಗಿಲು,
ಬೆಕ್ಕು ಕಳೆದರೆ ಅವಳ ಬಾಗಿಲು,
ಒತಾರನ ಮೊಮ್ಮಗನಿಗೆ ಜ್ವರ ಬಂದರೂ ಅದೇ.
"ಹೇಗೂ ಪುರುಸೊತ್ತಾಗಿ ಇದೀಯಲ್ಲ."
ಪುರುಸೊತ್ತು!
ಕೆಲಸವಿದ್ದ ದಿನ ಅದು ಸಿಗುವುದಿಲ್ಲ,
ಕೆಲಸವಿಲ್ಲದ ವಾರ ಸಿಕ್ಕರೂ
ಕದ್ದ ಒಡವೆಯಂತೆ, ಹಾಕಿಕೊಳ್ಳಲು ಭಯ.
ಕಳೆದ ಮಾರ್ಚಿನಲ್ಲಿ ಒಂಬತ್ತು ದಿನ ಪತ್ರವೇ ಇರಲಿಲ್ಲ.
ಒಂಬತ್ತೂ ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು
ಖಾಲಿ ಪೆಟ್ಟಿಗೆಯ ಮುಂದೆ ಕೂತಳು.
ಊರಾಚೆ ಬಾದಾಮಿ ಹೂ ಬಿಟ್ಟು, ಉದುರಿಯೂ ಹೋಯಿತಂತೆ.

ಕೆಳಗಿನ ಮನೆಯ ಲಾಮಾರಾ
ಮೂವತ್ತೊಂದು ವರ್ಷ ಟ್ರಾಮು ಓಡಿಸಿದವಳು.
ಈಗ ಊರಲ್ಲಿ ಟ್ರಾಮು ಇಲ್ಲ;
ಬ್ರೇಕು ಮಾತ್ರ ಅವಳ ಮಂಡಿಯಲ್ಲಿ ಉಳಿದಿದೆ.
ಒಂದು ಸಂಜೆ ಹುಳಿ ಪ್ಲಮ್ಮಿನ ಗೊಜ್ಜು ಕೊಡಲು ಹತ್ತಿ ಬಂದು,
ನೀಲಿ ಬೆಳಕಿನಲ್ಲಿ ಮುದುರಿ ಕೂತವಳನ್ನು ನೋಡಿ ಕೇಳಿದಳು:
"ನಮ್ಮ ಕಾಲದಲ್ಲಿ ಹನ್ನೊಂದಕ್ಕೆ ಗಾಡಿ ಡಿಪೋಗೆ.
ಮೇಲಿನ ಕೊಕ್ಕೆ ಇಳಿಸಿದರೆ ಮುಗೀತು,
ತಂತಿಗೂ ಅದಕ್ಕೂ ಬೆಳಗಿನವರೆಗೆ ಮಾತಿಲ್ಲ.
ನಿನ್ನದು ಎಲ್ಲಿ ಮಲಗುತ್ತೆ, ಮಗಳೇ?"

ನಾತೆಲಾ ಸುತ್ತ ಕಣ್ಣಾಡಿಸಿದಳು.
ಇರುವುದೊಂದೇ ಕೋಣೆ. ಊಟದ ಮೇಜೇ ಕಚೇರಿ,
ಕಚೇರಿಗೆ ಅಂಟಿಕೊಂಡೇ ಹಾಸಿಗೆ.
ಕೊನೆಗೆ ಕೆಟ್ಟು ಕೂತಿದ್ದ ಒವನ್ ತೆಗೆದು
ಬ್ರೆಡ್ಡಿನ ತಟ್ಟೆಯ ಮೇಲೆ ಲ್ಯಾಪ್‌ಟಾಪ್ ಮಲಗಿಸಿ
ಬಾಗಿಲು ಹಾಕಿದಳು.
ಇಬ್ಬರೂ ಸ್ವಲ್ಪ ಹೊತ್ತು ನೋಡುತ್ತ ನಿಂತರು,
ಒಳಗೇನೋ ಬೇಯುತ್ತಿದೆ ಎಂಬಂತೆ.

ಜೂನ್ ತಿಂಗಳು. ಅಂಗಳದ ಹಿಪ್ಪುನೇರಳೆ ಕಪ್ಪಾಗಿ
ಒಣಹಾಕಿದ ಬಟ್ಟೆಗೆಲ್ಲ ಬಣ್ಣ ಹಚ್ಚುತ್ತಿತ್ತು.
ಹಳೆಯ ಹೊದಿಕೆಯ ನಾಲ್ಕು ಮೂಲೆಗೆ ನಾಲ್ವರು,
ಜ್ವರ ಬಿಟ್ಟ ಮೊಮ್ಮಗ ಕೊಂಬೆಯ ಮೇಲೆ.
ದಬದಬ ಹಣ್ಣು. ಮೊಣಕೈವರೆಗೆ ರಸ.
ಯಾರೋ ಪಗಡೆ ಹಾಸಿದರು, ಯಾರೋ ಸೋತರು,
ಯಾರೂ ಹೆಚ್ಚು ಮಾತಾಡಲಿಲ್ಲ.
ಅಭ್ಯಾಸಬಲ, ಅವಳು ಒಳಗೊಳಗೇ ಎಣಿಸಿದಳು:
ಮೌನ, ನಾಲ್ಕು ನಿಮಿಷ. ಮೌನ, ಆರು.
ಆಮೇಲೆ ಎಣಿಕೆ ತಪ್ಪಿತು.

ಇಲ್ಲಿಗೆ ನಿಲ್ಲಿಸಿದರೆ ಚೆಂದ.
ಆದರೆ ನಡುರಾತ್ರಿ ದಾಟಿದ ಮೇಲೆ
ಒವನ್ನಿನೊಳಗಿಂದ ಟಿಣ್ ಎಂದಿತು ಸಿಯೋಲ್.
ಬರಿಗಾಲಲ್ಲಿ ಎದ್ದಳು. ಐದನೇ ತಾರೀಖು ಬಾಡಿಗೆ.
ದೀಪ ಹಾಕದೆ ಬರೆದಳು:
"ಆಗಲಿ, ನಾಳೆ ಸಂಜೆಗೆ ಕೊಡುತ್ತೇನೆ."
ಬೆರಳು ತಡೆಯಿತು. ಇನ್ನೆರಡು ಪದ ಸೇರಿಸಿದಳು:
"ನನ್ನ ಸಂಜೆಗೆ."

ಬೆಳಿಗ್ಗೆ ಕೂತಾಗ ಕಂಡಿತು:
ಅಕ್ಷರಗಳೆಲ್ಲ ಹೆಚ್ಚುಕಡಿಮೆ ಸ್ವಚ್ಛ.
ಕೆಳಗಿನ ಉದ್ದನೆಯ ಕೀಲಿ,
ಏನನ್ನೂ ಬರೆಯದೆ
ಪದಪದದ ನಡುವೆ ಜಾಗ ಬಿಡುತ್ತದಲ್ಲ,
ಅದರ ಮೇಲೆ ನೇರಳೆ ಬಣ್ಣದ ಹೆಬ್ಬೆಟ್ಟು.
ಸಾಲಪತ್ರಕ್ಕೆ ಒತ್ತಿದ್ದೋ, ಬಿಡುಗಡೆ ಪತ್ರಕ್ಕೋ.
ಒರೆಸಲು ಬಟ್ಟೆ ತಂದಳು.
ಆ ಬಟ್ಟೆಯಲ್ಲಿ ಮೇಜು ಒರೆಸಿದಳು.