ಹನಿ ಲೆಕ್ಕ

ಸೊರಬದ ಎಂಎಸ್‌ಐಎಲ್ ಅಂಗಡಿಯ ಕಂಬಿಯೊಳಗೆ ಕೈ ತೂರಿಸಿ
ಬ್ರಾಂದಿ ಕೇಳಿದೆ.
ಹಿಂದಿನ ಸಾಲು ಗಪ್ಪಾಯಿತು.
ಕೌಂಟರಿನ ಹುಡುಗ ಮುಖ ನೋಡಿದ, ಚೀಲ ನೋಡಿದ,
"ಯಾರಿಗೆ, ಸಿಸ್ಟರಮ್ಮ?"
"ಬೇರಿಗೆ" ಅಂದೆ.
ಅವನಿಗೆ ಪೋಲಿಯೋ ಹಾಕಿದವಳು ನಾನೇ,
ಉಳವಿ ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ, ಕೆನ್ನೆ ಒತ್ತಿ ಹಿಡಿದು,
ಎರಡೇ ಎರಡು ಹನಿ.
ಚಿಲ್ಲರೆ ಕೊಡುವಾಗ ಅವನ ಕಣ್ಣು ನೆಲದ ಮೇಲಿತ್ತು.

ಬೇರು ನನ್ನದಲ್ಲ. ಗುತ್ಯಮ್ಮನದು.

ಮೂವತ್ತೊಂದು ವರ್ಷ
ಒಂದೇ ಬಾಣಂತಿಯ ಎರಡು ಬದಿಗೆ ಕೂತವರು ನಾವು.
ನಾನು ಸರ್ಕಾರದ ಕಡೆ, ಅವಳು ಒಲೆಯ ಕಡೆ.
ನನ್ನ ಬಳಿ ಟಿಂಚರ್ ಅಯೋಡಿನ್, ಹತ್ತಿ, ರಿಜಿಸ್ಟರು.
ಅವಳ ಬಳಿ ಹಳೇ ಸೀರೆ ತುಂಡಿನ ಗಂಟು.
ಒಮ್ಮೆ ಸಿಟ್ಟು ಬಂದು
ಆ ಗಂಟನ್ನು ಬಚ್ಚಲ ಒಲೆಗೆ ಎಸೆದುಬಿಟ್ಟೆ.
ಅವಳು ಬೈಯಲಿಲ್ಲ.
ಉರಿಯನ್ನೇ ನೋಡುತ್ತ
"ಹೊಗೆಯೂ ಒಳ್ಳೇದೇ, ಕೂಸಿಗೆ" ಅಂದಳು.

ಕಾರ್ತೀಕದಲ್ಲಿ ತೀರಿಕೊಂಡಳಂತೆ. ನನಗೆ ತಿಳಿದದ್ದು ತಿಂಗಳ ಮೇಲೆ,
ಅವಳ ಸೊಸೆ ಸ್ಕೂಟಿಯಲ್ಲಿ ಬಂದು
ಬಿಸ್ಕತ್ತಿನ ಡಬ್ಬಿಯೊಂದನ್ನು ಜಗಲಿ ಮೇಲಿಟ್ಟಾಗ:
"ಸಿಸ್ಟರಿಗೇ ಕೊಡು ಅಂದಿದ್ರು ಅತ್ತೆ.
ಸುಡದಿದ್ರೆ ಸಾಕು ಅಂತಲೂ."

ಚೀಟಿ ಇಲ್ಲ, ಹೆಸರಿಲ್ಲ, ಎಲ್ಲ ಒಣಗಿದ್ದು.
ಜ್ಯೇಷ್ಠಮಧುವನ್ನು ನಾಲಿಗೆ ಗುರುತಿಸಿತು,
ಸೊಗದೆ ಬೇರನ್ನು ಮೂಗು.
ಹಿಪ್ಪಲಿ ತಾನೇ ಹೇಳಿಕೊಂಡಿತು, ಮೂರು ಸೀನು ಬರಿಸಿ.
ಆಡುಸೋಗೆ ಎಲೆ ಮುಟ್ಟಿದರೆ ಪುಡಿ.
ಉಳಿದದ್ದು ಒಂದು. ಕಪ್ಪಗೆ, ಕಿರುಬೆರಳಷ್ಟು,
ಉಗುರಲ್ಲಿ ಗೀರಿದರೆ ಹಸಿ ಗೋಡೆಯ ವಾಸನೆ.
ಗಂದಿಗೆ ಅಂಗಡಿಯ ಈರಭದ್ರಪ್ಪ ಅದನ್ನು ತಕ್ಕಡಿಗೆ ಹಾಕಿ
ತೂಕ ಹೇಳಿ ವಾಪಸ್ ಕೊಟ್ಟ.

ಸೊಗದೆ, ಹಿಪ್ಪಲಿ ಜಜ್ಜಿ ಹಾರ್ಲಿಕ್ಸ್ ಬಾಟಲಿಗೆ ಹಾಕಿದೆ,
ಮುಳುಗುವಷ್ಟು ಬ್ರಾಂದಿ.
ತಾರೀಕು, ಗ್ರಾಂ, ಎಂಎಲ್ ಬರೆದು ಅಂಟಿಸಿದೆ.
ಇಪ್ಪತ್ತೊಂದು ದಿನ ಅಕ್ಕಿ ಡಬ್ಬಿಯ ಹಿಂದಿನ ಕತ್ತಲಲ್ಲಿ ಇಟ್ಟು
ದಿನಕ್ಕೊಮ್ಮೆ ತೆಗೆದು ಅಲುಗಿಸುವುದು,
ತೊಟ್ಟಿಲು ತೂಗಿದ ಹಾಗೆ
ಅನ್ನಲು ಹೋಗಿ ಸುಮ್ಮನಾದೆ.
ಮದ್ದು ಮದ್ದೇ, ಕೂಸು ಕೂಸೇ.
ತೂಗಿದವಳಿಗೆ ಗೊತ್ತು.

ಇಪ್ಪತ್ತೆರಡನೇ ದಿನ ಪಂಚೆ ಬಟ್ಟೆಯಲ್ಲಿ ಸೋಸಿದೆ.
ಜೇನಿಗಿಂತ ಕಪ್ಪು, ಕಾಫಿಗಿಂತ ತಿಳಿ.
ಆಡುಸೋಗೆ, ತುಳಸಿ, ಮಜ್ಜಿಗೆಹುಲ್ಲಿನ ತುಂಡು,
ಜ್ಯೇಷ್ಠಮಧು ಚೂರು,
ಎಲ್ಲವನ್ನೂ ಹರಡಿದ್ದು ಆಸ್ಪತ್ರೆಯ ಕಿಡ್ನಿ ಟ್ರೇಯಲ್ಲಿ.
(ನಿವೃತ್ತಿಯ ದಿನ ಶಾಲು, ಹಾರದ ಅಡಿ
ಯಾರಿಗೂ ಹೇಳದೆ ತಂದದ್ದು.)
ಡ್ರಾಪರು ಹಿಡಿದು ಕೂತೆ.
ಮೊದಲ ಹನಿ ಎಲೆ ಮೇಲೆ ಗುಂಡಗೆ ನಿಂತಿತು,
ಒಳಗೆ ಬರಬಹುದೋ ಬಾರದೋ ಅಂತ.
ಎರಡನೆಯದನ್ನು ಎಲೆ ಕಂಡ ಕೂಡಲೇ ಕುಡಿಯಿತು.

"ಎಷ್ಟು ಹಾಕ್ತೀಯ ಗುತ್ಯಮ್ಮ, ಸರಿಯಾಗಿ ಹೇಳು, ಬರ್ಕೋಬೇಕು."
"ಸಾಕು ಅನ್ನೋವಷ್ಟು."
"ಸಾಕು ಅನ್ನೋದು ಯಾರು?"
"ಅದೇ ಅಂತದೆ."
ರಿಜಿಸ್ಟರಿನಲ್ಲಿ ಆ ಕಾಲಂ ಖಾಲಿ ಬಿಟ್ಟಿದ್ದೆ.
ಮೇಲಿನವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು.

ಮೂವತ್ತೇಳೋ, ಮೂವತ್ತೆಂಟೋ.
ಗೇಟಿನಲ್ಲಿ ಗ್ಯಾಸಿನವನು ಕೂಗಿದ, ಲೆಕ್ಕ ತಪ್ಪಿತು.
ಮೊದಲಿಂದ ಶುರು ಮಾಡುವ ಹಾಗಿಲ್ಲ,
ಬಿದ್ದದ್ದು ಬಿದ್ದಾಯಿತು.
ಬಗ್ಗಿ ಮೂಸಿದೆ.
ಸಾಕು
ಅಂತು.

ರಾತ್ರಿಯಿಡೀ ತೆಳು ಬಟ್ಟೆ ಹೊದ್ದು ಮಲಗಿದ ಟ್ರೇ
ಬೆಳಿಗ್ಗೆ ತೆರೆದರೆ ಬ್ರಾಂದಿಯ ಸುಳಿವೇ ಇಲ್ಲ.
ಒಂದು ಚಮಚ, ಒಂದು ಲೋಟ ಬಿಸಿನೀರು.
ಮೊದಲ ಗುಟುಕಿಗೆ ಗಂಟಲು ಸುಟ್ಟಿತು, ಆಮೇಲೆ ಸಿಹಿ.
ಒಲೆಯ ಕಡೆ ತಿರುಗಿ ಕುಡಿದೆ.

ಆ ಕಪ್ಪು ಬೇರನ್ನು ಮುಟ್ಟಿಲ್ಲ.
ಹೆಸರಿಲ್ಲದ್ದನ್ನು ಯಾರ ಬಾಯಿಗೂ ಹಾಕಲಾರೆ,
ಅಷ್ಟು ಸರ್ಕಾರ ಇನ್ನೂ ಒಳಗಿದೆ.
ಬೇರೆ ಬಾಟಲಿ, ಬೇರೆ ಚೀಟಿ.
ತಾರೀಕು ಬರೆದೆ. ಕೊಟ್ಟವರು: ಗುತ್ಯಮ್ಮ.
ಹೆಸರಿನ ಜಾಗ ಹಾಗೇ ಬಿಟ್ಟು
ನಾಲ್ಕೂ ಮೂಲೆಗೆ
ಗೋಂದು ಮಾತ್ರ ಸರಿಯಾಗಿ ಹಚ್ಚಿದೆ.