ಮೊಣಕಾಲ ಮೇಲಿನ ಕೈ

ಎಸ್.ಪಿ. ರಸ್ತೆಯಲ್ಲಿ ಮೂವತ್ತೊಂದು ವರ್ಷದಿಂದ
ಬೇರಿಂಗ್ ಮಾರುವವನು ನಾನು.
ಕಿವಿಯ ಹತ್ತಿರ ಹಿಡಿದು ಒಮ್ಮೆ ತಿರುಗಿಸಿದರೆ ಸಾಕು,
ಅಸಲಿಯೋ ನಕಲಿಯೋ ಹೇಳಿಬಿಡುತ್ತೇನೆ.
ನಕಲಿ ಯಾವಾಗಲೂ ಒಂದು ಕೈ ಜಾಸ್ತಿ ಹೊಳೆಯುತ್ತದೆ.

ಆದರೆ ಗುರುವನ್ನು
ಕಿವಿಯ ಹತ್ತಿರ ಹಿಡಿದು ತಿರುಗಿಸುವುದು ಹೇಗೆ?

ಐವತ್ತನಾಲ್ಕಕ್ಕೆ ಹಾರುವ ಹುಚ್ಚು.
‘ಸ್ಕೂಟರಿಗೆ ಸ್ಟ್ಯಾಂಡ್ ಹಾಕೋದೇ ಮರೀತೀರಿ’
ಅಂದಳು ಹೆಂಡತಿ. ಸುಳ್ಳಲ್ಲ.
ಭಾನುವಾರ ಹೆಬ್ಬಾಳಕ್ಕೆ ಎಚ್ಚರವಾಗುವ ಮೊದಲೇ ಅದನ್ನು ದಾಟಿ
ಜಕ್ಕೂರಿನ ಗೇಟಿನಲ್ಲಿ ಸಹಿ ಹಾಕಿದೆ.

ಮೊದಲು ಸಿಕ್ಕವರು ಮುದ್ದಯ್ಯನವರು.
ಹತ್ತು ಸಾವಿರ ಗಂಟೆ ಹಾರಿದ ಮೀಸೆ.
ನನ್ನ ಕೈ ಕೂದಲೆಳೆ ತಪ್ಪುವ ಮುನ್ನವೇ
ಅವರ ಕೈ ಕೋಲಿನ ಮೇಲೆ.
ನೆಲಕ್ಕಿಳಿದದ್ದೆಲ್ಲ ಹೂವಿಳಿಸಿದ ಹಾಗೆ,
ಇಳಿಸಿದವನು ಮಾತ್ರ ನಾನಲ್ಲ.
ಲಾಗ್‌ಬುಕ್ಕಿನಲ್ಲಿ ನನ್ನ ಹೆಸರಿಗೆ ಏಳು ಗಂಟೆ:
ಮೇಷ್ಟ್ರು ಕೈ ಹಿಡಿದು ಬರೆಸಿದ ಅ, ಆ, ಇ, ಈ.

ಆಮೇಲೆ ಒಬ್ಬ ಹುಡುಗ, ನಚಿಕೇತ.
ದಪ್ಪನೆ ಕುಕ್ಕಿ ಮೂರು ಸಲ ಪುಟಿದು ನಿಂತಾಗಲೂ
‘ಸೂಪರ್ ಅಂಕಲ್!’
ಏರ್‌ಲೈನ್ ಸೇರಲು ಅವನಿಗೆ ಗಂಟೆಗಳು ಬೇಕಿತ್ತು.
ನಾನು ಅವನ ಮೀಟರು.

ಹಿಲ್ಡಾ ಸಲ್ಡಾನ ಮೊದಲ ದಿನ ಹಾರಿಸಲೇ ಇಲ್ಲ.
ಪ್ರೊಪೆಲ್ಲರಿನ ಅಂಚನ್ನು ಅಂಗೈಯಿಂದ ಸವರಿ,
ಪೆಟ್ರೋಲನ್ನು ಪುಟ್ಟ ಶೀಶೆಗೆ ಬಸಿದು
ಬೆಳಕಿಗೆ ಹಿಡಿದು, ಮೂಸಿ, ನನಗೂ ಮೂಸಿಸಿ,
ಗಾಳಿಚೀಲದ ಕಡೆ ಕತ್ತೆತ್ತಿ
‘ಅಡ್ಡಗಾಳಿ. ಇವತ್ತು ಬೇಡ’ ಅಂದರು.
ದುಡ್ಡೂ ಬೇಡ ಅಂದರು.
ಬಂದ ಗಿರಾಕಿಯನ್ನು ಬರಿಗೈಲಿ ಕಳಿಸುವುದು
ಎಂಥ ಸಂಕಟ ಅಂತ ಅಂಗಡಿಯವನಿಗೆ ಗೊತ್ತು.
ಗೇಟಿನ ಹೊರಗೆ ಟೀ ಕುಡಿದೆ. ಕಿವಿಗೆ ಏನೋ
ಸಪ್ಪಳವಿಲ್ಲದೆ ತಿರುಗಿದ ಹಾಗೆ.

ಮೂರನೆಯ ಭಾನುವಾರ, ಮೂರು ಸಾವಿರ ಅಡಿ.
ಎಡ ರೆಕ್ಕೆಯಡಿ ಜಕ್ಕೂರು ಕೆರೆ,
ನಮಗಿಂತ ಕೆಳಗೆ, ನಾನು ಕಂಡ ಮೊದಲ ಹದ್ದಿನ ಬೆನ್ನು.
ಅದನ್ನೇ ನೋಡುತ್ತ ಮೂಗು ಎತ್ತಿಬಿಟ್ಟಿದ್ದೆ.
ಗಾಳಿಯ ಸದ್ದು ತೆಳುವಾಯಿತು.
ಸೀಟು ನಡುಗಿತು, ಬೆನ್ನುಹುರಿ ನಡುಗಿತು.
ಓರೆಗಣ್ಣಲ್ಲಿ ನೋಡಿದೆ:
ಅವರ ಕೈ ಮೊಣಕಾಲ ಮೇಲೆ.
ಎರಡು ಬೆರಳು ಮೇಲೆದ್ದವು.
ನಿಂತವು.
ಮತ್ತೆ ಮಲಗಿದವು.
ಕೋಲು ಮುಂದಕ್ಕೆ ಒತ್ತಿದ್ದು
ನನ್ನದೇ ಕೈ.

ಇಳಿದ ಮೇಲೆ ಶಹಬ್ಬಾಸ್ ಏನೂ ಇಲ್ಲ.
‘ನೀವು ಎರಡು ಸೆಕೆಂಡು ತಡ.
ನಾನು ಅರ್ಧ. ಮೊದಲೇ ಬಾಯಿ ಬಿಡಬೇಕಿತ್ತು.’
ತಮ್ಮ ಕಿರುಪುಸ್ತಕದಲ್ಲಿ ಎರಡನ್ನೂ ಬರೆದುಕೊಂಡರು,
ಅವರದನ್ನು ಮೊದಲು.

ಮುದ್ದಯ್ಯನವರೇ ದೊಡ್ಡ ಪೈಲಟ್ಟು, ಒಪ್ಪುತ್ತೇನೆ.

ಸೋಮವಾರ ಅಂಗಡಿಯಲ್ಲಿ ನಮ್ಮ ಇಲಿಯಾಸ್
ಶಾಫ್ಟಿಗೆ ಬೇರಿಂಗ್ ಕೂರಿಸುತ್ತ
ಸುತ್ತಿಗೆಯನ್ನು ಹೊರಬಳೆಗೇ ಇಟ್ಟ.
ಕೈ ಚಾಚಿದವನು
ಹಿಂದೆಳೆದು ಮೊಣಕಾಲ ಮೇಲೆ ಇಟ್ಟುಕೊಂಡೆ.
ಅವನಿಗೇ ತಿಳಿಯಲಿ, ಅಂತ.

ಟಕ್.
ಮುನ್ನೂರ ನಲವತ್ತು ರೂಪಾಯಿ.
ಗುಂಡುಗಳು ಚರಂಡಿಯವರೆಗೆ ಉರುಳಿದವು.

ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದೆ:
ನಾನು, ಅರ್ಧ ಸೆಕೆಂಡು.